ಜಲ್ಲಿಗುಂಡಿಯ ತಂದೆ

ಅಕ್ಕ ಅಂಕಮ್ಮ ಎರಡನೆಯ ಮುದ್ದೆಗೆ ಕೈ ಹಾಕಿದ ಹೊತ್ತಿಗೆ ಹೊಳೆಯ ಸದ್ದು ಬದಲಾದದ್ದು ರಾಮಲಿಂಗಯ್ಯನಿಗೆ ಗೊತ್ತಾಯಿತು. ಅದುವರೆಗೆ ಅರ್ಕಾವತಿ ಹಿತ್ತಿಲಿನಾಚೆ ಬೇಡದ ಮುದುಕಿಯ ಹಾಗೆ ಗೊಣಗಿಕೊಂಡು ಹರಿಯುತ್ತಿತ್ತು. ಈಗ ಗೊಣಗಾಟ ನಿಂತು, ದೊಡ್ಡ ದೊಡ್ಡ ಸಾಮಾನುಗಳನ್ನು ಯಾರೋ ಎಳೆದಾಡುವ ಸದ್ದು. ಎದ್ದು ಹೋಗಿ ಕೆರೆಯ ಏರಿ ನೋಡಬೇಕು ಅನ್ನಿಸಿತು. ಆದರೆ ಎದ್ದರೆ ಅಕ್ಕ 'ಎಲ್ಲಿಗ್ಲಾ?' ಅನ್ನುತ್ತಾಳೆ, ಕೆರೆಗೆ ಅಂದರೆ ತಾನೂ ಬರುತ್ತೇನೆ ಅನ್ನುತ್ತಾಳೆ, ಕೆರೆ ನೋಡುವುದಕ್ಕೇ ತಾನೇ ಕನಕಪುರದಿಂದ ಗಾಡಿ ಕಟ್ಟಿಸಿಕೊಂಡು ಬಂದದ್ದು ಅನ್ನುತ್ತಾಳೆ. ಅವಳು ಬಂದದ್ದು ಕೆರೆಗಲ್ಲ ಅನ್ನುವುದು ಕುರುಡನಿಗೂ ತಿಳಿಯುವಂತಿತ್ತು. ಅವಳ ಮಗಳು ಕಾವೇರಮ್ಮ ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಸುರಿದುಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ಹುರಿಗಡಲೆ ಮುಕ್ಕುತ್ತಾ ಕೂತಿದ್ದಳು. ಸೋದರಮಾವನ ಬೋಳಾಗುತ್ತಿರುವ ತಲೆಯನ್ನು ಅವಳು ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದ ರೀತಿಯಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಪಾಪ, ಅವಳದೇನು ತಪ್ಪು? ರಾಮಲಿಂಗಯ್ಯ ತಲೆ ಬಗ್ಗಿಸಿ ಸಾರಿನಲ್ಲಿ ಬೆರಳಾಡಿಸಿದ. ಸಾರು ಬಡಿಸುತ್ತಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮ ಅವನ ಮುಖವನ್ನೊಮ್ಮೆ ನೋಡಿ, ಅಕ್ಕನಿಗೂ ಕೇಳಿಸುವ ಹಾಗೇ, "ನಿಮ್ಮ ಮಗ ಕಿರುಚ್ಕತಾವ್ನೆ ಅಂತ ಕಾಣ್ತದೆ. ಹೋಗಿ ಸಮಾಧಾನ ಮಾಡಿ ಬನ್ನಿ," ಅಂದಳು. ಅಂಕಮ್ಮನ ಕೈ ಬಾಯಿಯ ಹತ್ತಿರ ನಿಂತಿತು. ಆ ನಿಂತ ಗಳಿಗೆಯಲ್ಲೇ ಅವನು ಕೈ ತೊಳೆದು, ಗೋಡೆಗೆ ಒರಗಿಸಿದ್ದ ಗುದ್ದಲಿ ಹೆಗಲಿಗೇರಿಸಿ ಹೊರಟುಬಿಟ್ಟ.

ಅದನ್ನು ಕೆರೆ ಅಂತ ಕರೆಯುತ್ತಿದ್ದವನು ಊರಿನಲ್ಲಿ ಅವನೊಬ್ಬನೇ. ಮಿಕ್ಕವರಿಗೆಲ್ಲ ಅದು ಜಲ್ಲಿಗುಂಡಿ. ಮೈಸೂರಿನ ರೈಲುಹಾದಿ ಆಗುವಾಗ ಹಳಿಯ ಕೆಳಗೆ ಹಾಸುವುದಕ್ಕೆ ಹೊಳೆಯ ಪಕ್ಕದ ಜಲ್ಲಿಯನ್ನೆಲ್ಲ ತೋಡಿಕೊಂಡು ಹೋದರು. ಗುಂಡಿ ಉಳಿಯಿತು, ಮಳೆ ಬಂತು, ತುಂಬಿತು, ಎಮ್ಮೆಗಳು ಬಿದ್ದುಕೊಂಡವು. ಅಷ್ಟರಲ್ಲೇ ಅದರ ಕಥೆ ಮುಗಿಯಬೇಕಿತ್ತು. ಆದರೆ ರಾಮಲಿಂಗಯ್ಯನಿಗೆ ಮಕ್ಕಳಾಗಲಿಲ್ಲ. ಅವ್ವ ಮೊದಲು ಹರಕೆ ಹೊತ್ತಳು, ಆಮೇಲೆ ಸೊಸೆಯ ಜೊತೆ ಮಾತು ಬಿಟ್ಟಳು, ಕೊನೆಗೆ ಎರಡನೆಯ ಮದುವೆಗೆ ದಿನ ಕೇಳಿಕೊಂಡು ಬಾ ಅಂತ ಮಗನನ್ನು ಮಾಗಡಿಯ ಜೋಯಿಸರ ಮನೆಗೆ ಅಟ್ಟಿದಳು. ಜೋಯಿಸರು ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು, ಮಾತಿಗೆ ಮಾತು ಬಂದಾಗ, ಮಗ ಒಬ್ಬನೇ ಸಂತಾನವಲ್ಲಪ್ಪ, ಶಾಸ್ತ್ರದಲ್ಲಿ ಏಳು ಬಗೆ ಹೇಳಿದೆ, ಕೆರೆ ಕಟ್ಟಿಸಿದರೂ ಸಂತಾನವೇ ಅಂದುಬಿಟ್ಟರು. ರಾಮಲಿಂಗಯ್ಯ ದಿನ ಕೇಳದೆ ಎದ್ದು ಬಂದ. ದಾರಿಯುದ್ದಕ್ಕೂ ಗಾಡಿಯಲ್ಲಿ ಒಬ್ಬನೇ ನಗುತ್ತಿದ್ದ. ಕೆರೆ ತೋಡಿಸುವುದೆಂದರೆ ಮನೆ ಮಾರಿಕೊಳ್ಳುವ ಕೆಲಸ. ಇಲ್ಲಿ ತೋಡಿದ ಗುಂಡಿ ಕಣ್ಣ ಮುಂದೆ ಬಿದ್ದಿತ್ತು. ಸುತ್ತ ಏರಿ ಹಾಕಿಸಿದರೆ ಆಯಿತು. ಹೆತ್ತವರು ರೈಲಿನವರು, ಹೆಸರಿಟ್ಟವನು ರಾಮಲಿಂಗಯ್ಯ. ಮೂರು ಬೇಸಿಗೆ ಒಡ್ಡರನ್ನೂ ಆಳುಗಳನ್ನೂ ಹಚ್ಚಿ ಸಡಿಲವಾಗಿದ್ದ ದಂಡೆಯನ್ನು ಆಳೆತ್ತರ ಏರಿಸಿದ. ಚಿಕ್ಕಲಕ್ಷ್ಮಮ್ಮನೂ ಸೀರೆ ಎತ್ತಿಕಟ್ಟಿ ಕೂಲಿ ಹೆಂಗಸರ ಸಾಲಿನಲ್ಲಿ ಮಣ್ಣು ಹೊತ್ತಳು. ಗೌಡತಿಯಾಗಿ ಇದೆಲ್ಲ ಯಾಕೆ ಅಂದರೆ, ಮನೇಲಿ ಸುಮ್ಮನೆ ಕೂತು ಏನು ಮಾಡಲಿ ಅನ್ನುತ್ತಿದ್ದಳು. ಮಂಕರಿ ಇಳಿಸಿ ಹೆಂಗಸರ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ಅವಳಿಗೂ ಇದು ತಮಾಷೆಯಾಗಿದೆ ಅಂತ ಅವನಿಗೆ ಖುಷಿಯಾಗುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಸಂತಾನದ ಹಂಬಲವೇ ಇರಲಿಲ್ಲ. ಅವಳು ಮನೆಯಲ್ಲಿ ಓಡಾಡಿಕೊಂಡಿದ್ದರೆ ಅವನಿಗೆ ಸಾಕಾಗಿತ್ತು. ಆದರೆ ಗಂಡಸಾದವನು ಅವ್ವನ ಎದುರು, ಅಕ್ಕನ ಎದುರು, ನನಗೆ ನನ್ನ ಹೆಂಡತಿ ಸಾಕು ಅಂತ ಹೇಳುವುದುಂಟೆ? ಊರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತದೆ. ಅದಕ್ಕಿಂತ ಕೆರೆ ಕಟ್ಟಿಸುವುದು ಸುಲಭ. ಪೂಜೆ ಆಯಿತು, ಬೆಲ್ಲದ ಅನ್ನ ಹಂಚಾಯಿತು, ಅವ್ವ ಬಾಯಿ ಮುಚ್ಚಿದಳು, ಒಂದು ದಿನ ಕಣ್ಣನ್ನೂ ಮುಚ್ಚಿದಳು.

ರಾಮಲಿಂಗಯ್ಯ ಹೊಳೆ ಹರಿದು ಬರುವ ಕಡೆ, ಏರಿಯ ಮೇಲಿನ ತುದಿಗೆ ಹೋಗಿ ನಿಂತ. ಎಡಗಡೆ ಹೊಳೆ, ಕೆಂಪಗೆ, ದಪ್ಪಗೆ, ಏರಿಯ ತಲೆಗೆ ಗೇಣು ಕೆಳಗೆ. ಬಲಗಡೆ ಗುಂಡಿ, ತಳದಲ್ಲಿ ಹಸಿರು ನೀರು, ತನಗೂ ಪಕ್ಕದ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ಎರಡು ನೀರುಕೋಳಿಗಳನ್ನು ತೇಲಿಸಿಕೊಂಡು ಮಲಗಿತ್ತು. ಒಂದು ನೀರಿಗೂ ಇನ್ನೊಂದು ನೀರಿಗೂ ನಡುವೆ ಆಳೆತ್ತರದ ತಗ್ಗು. ನಡುವೆ ಇವನು, ಇವನ ಮಣ್ಣು. ಈ ನೋಟವನ್ನು ಒಬ್ಬರು ಆಗಲೇ ಮಾತಿನಲ್ಲಿ ಬರೆದು ತೋರಿಸಿದ್ದರಲ್ಲ ಅನ್ನುವುದು ನೆನಪಾಗಿ ಕಿವಿ ಬಿಸಿಯಾಯಿತು. ಹೋದ ಬೇಸಿಗೆಯಲ್ಲಿ ಓವರ್ಸಿಯರ್ ಲಕ್ಷ್ಮಯ್ಯ ಚನ್ನಪಟ್ಟಣದ ಕಡೆಯಿಂದ ಸೈಕಲ್ಲಿನಲ್ಲಿ ಬಂದವರು ಮಜ್ಜಿಗೆ ಕುಡಿದು, ಏರಿಯ ಮೇಲೆ ಅಡ್ಡಾಡಿ, ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು ಹೇಳಿದ್ದರು: "ಗೌಡರೇ, ಇದು ಕೆರೆ ಅಲ್ಲ, ಹೊಳೆ ಪಕ್ಕದ ಗುಂಡಿ. ಕೆರೆಗೆ ಒಳಗಿನ ನೀರಿನ ಭಯ, ಇದಕ್ಕೆ ಹೊರಗಿನ ನೀರಿನ ಭಯ. ನೀವು ಒಳಗಡೆ ಜೋಡಿಸಿರೋ ಕಲ್ಲು ನಿಂತ ನೀರಿಗೆ ಸರಿ, ಮೇಲಿಂದ ಬೀಳೋ ನೀರಿಗೆ ತಡೆಯೋದಿಲ್ಲ. ಏರಿ ಎತ್ತರಿಸಿದಷ್ಟೂ ಹೊಳೆ ಎತ್ತರದಿಂದ ಬಿದ್ದು ಬುಡ ಕಿತ್ತುಹಾಕುತ್ತೆ. ಕೆಳಗಿನ ತುದೀಲಿ ಒಂದು ಕಡೆ ತಗ್ಗಿಸಿ ಬಾಯಿ ಬಿಡಿ. ಪ್ರವಾಹ ಬಂದಾಗ ಅಲ್ಲಿಂದ ಮೆಲ್ಲಗೆ ಒಳಗೆ ಬಂದು ತುಂಬಿಕೊಳ್ಳಲಿ. ಒಳಗೂ ಹೊರಗೂ ಒಂದೇ ಮಟ್ಟವಾದ ಮೇಲೆ ಮೇಲುಗಡೆ ಎಷ್ಟು ಉಕ್ಕಿದರೂ ಏರಿಗೆ ಏನೂ ಆಗಲ್ಲ." ಆಗ ರಾಮಲಿಂಗಯ್ಯ, "ನಿಮ್ಮ ಕೂಸಿನ ಹೊಟ್ಟೆ ನೀವು ಕುಯ್ತೀರಾ ಸಾಮಿ?" ಅಂದಿದ್ದ. ಎಂಥ ಮಾತು! ಅದು ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಮುಂದಿನ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ಬೆಲ್ಲದ ಅಂಗಡಿಯಲ್ಲೂ ಎತ್ತಿನ ಸಾಲಿನಲ್ಲೂ, ಓವರ್ಸಿಯರ್ ಹೇಗೆ ಬೆಪ್ಪಾದರು ಅನ್ನುವುದನ್ನು ಅಭಿನಯಿಸಿ ತೋರಿಸಿದ್ದ. ಕೆರೆಯೆಂದರೆ ತಾತನ ಕಾಲದಿಂದ ಒಂದೇ ಲೆಕ್ಕ, ಏರಿ ಎತ್ತರವಾದಷ್ಟೂ ಕೆರೆ ಗಟ್ಟಿ. ಆ ಲೆಕ್ಕವನ್ನು ಗುಂಡಿಗೂ ಹಚ್ಚಿದ್ದ. ಈಗ ಬಗ್ಗಿ ನೋಡಿದರೆ ಒಳಮೈಯ ಕಲ್ಲುಗಳ ಸಂದಿಯಿಂದ ಕೆಂಪು ನೀರು ಜಿನುಗಿ ಇಳಿಯುತ್ತಿತ್ತು. ಮಕ್ಕಳಿಗೆ ಹಲ್ಲು ಬರುವಾಗ ಜೊಲ್ಲು ಸುರಿಯುವುದಿಲ್ಲವೇ, ಹಾಗೆ. ಥೂ, ಇಂಥ ಹೊತ್ತಿನಲ್ಲೂ ಏನು ಹಾಳು ಯೋಚನೆ ಅಂತ ತನಗೆ ತಾನೇ ಉಗಿದುಕೊಂಡ.

ಏರಿಯ ಕೆಳಗಿನ ತುದಿಗೆ ಅಂಟಿಕೊಂಡೇ ಹಾಜಿರಾಳ ಹಿಪ್ಪುನೇರಳೆ ತೋಟ. ಗಂಡ ಮೆಹಬೂಬ್ ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ. ತೋಟ, ಹುಳು, ಸೊಪ್ಪು, ಆಳುಗಳಿಗೆ ಬೈಯುವುದು, ಎಲ್ಲ ಇವಳ ಪಾಲಿಗೆ. ರಾಮಲಿಂಗಯ್ಯ ಹೋದಾಗ ಅವಳು ಸೆರಗು ಬಿಗಿದು ಸರಸರನೆ ಸೊಪ್ಪು ತರಿದು ಗೋಣಿಗೆ ತುಂಬುತ್ತಿದ್ದಳು.

"ಏನಂತೈತೆ ಗೌಡ್ರೇ ನಿಮ್ಮ ಕೆರೆ?" ಅಂದಳು, ತಲೆ ಎತ್ತದೆ.

"ಏನಿಲ್ಲ ಹಾಜಿರಾಬಿ. ಮೇಲ್ಗಡೆ ಒಸಿ ಜಿನುಗ್ತೈತೆ."

"ಒಸಿ ಅಂತೆ ಒಸಿ!" ಅವಳು ಗೋಣಿಯನ್ನು ದೊಪ್ಪನೆ ಇಳಿಸಿದಳು. "ಹುಳ ನಾಕನೇ ಸಲ ಪೊರೆ ಬಿಟ್ಟು ಜ್ವರ ಎದ್ದವೆ. ಈಗಲೇ ಅವಕ್ಕೆ ಬಾಯಿ ತುಂಬ ಬೇಕು. ಸೊಪ್ಪಿಲ್ದೆ ಹೋದ್ರೆ ಗೂಡೂ ಇಲ್ಲ ಗೀಡೂ ಇಲ್ಲ, ಎಲ್ಲಾನೂ ತಿಪ್ಪೆಗೆ ಸುರೀಬೇಕು. ಮೇಲ್ಗಡೆ ಏರಿ ಕಿತ್ಕಂಡ್ರೆ ಹೊಳೆ ಎಲ್ಲಿಗೆ ಬತ್ತೈತೆ? ಸೀದಾ ನಿಮ್ಮ ಗುಂಡಿಗೆ, ಅಲ್ಲಿಂದ ಸೀದಾ ನನ್ನ ತ್ವಾಟಕ್ಕೆ. ಆ ಓವರ್ಸಿಯರ್ ಸಾಬ್ರು ಹೇಳಿರ್ಲಿಲ್ವಾ?"

"ನಿಂಗ್ಯಾರು ಹೇಳಿದ್ರು?"

"ನೀವೇ ಸಂತೇಲಿ ಹೇಳ್ಕಂಡು ನಗ್ತಿದ್ರಲ್ಲ. ಎಲ್ಲಾರೂ ನಕ್ರು. ನಾನು ನಗ್ಲಿಲ್ಲ."

ಅವನು, ಓವರ್ಸಿಯರ್ ಹೇಳಿದ ಹಾಗೆ ಕೆಳಗಿನ ತುದಿಯಲ್ಲಿ ಏರಿ ಕಡಿದರೆ ಅವಳ ಅಂಚಿನ ಸಾಲುಗಳು ಮುಳುಗುತ್ತವೆ ಅಂತ ಮೆಲ್ಲಗೆ ಹೇಳಿ ನೋಡಿದ. ಅವಳೇ ಬೇಡ ಅಂದುಬಿಟ್ಟರೆ ಒಂದು ನೆಪ ಸಿಗುತ್ತಿತ್ತು. ಅಂಥ ಉಪಕಾರವನ್ನು ಅವಳು ಮಾಡಲಿಲ್ಲ. "ಮುಳುಗ್ಲಿ. ಮುಳುಗಿದ ಗಿಡ ಚಿಗುರ್ತದೆ. ನೆಲಾನೇ ಕೊಚ್ಕಂಡು ಹೋದ್ರೆ ಎಲ್ಲಿ ಹುಡುಕ್ಲಿ? ಆ ಸಾಲಿನ ಸೊಪ್ಪು ತರಿದಾಯ್ತು, ನೋಡಿ. ಕಡಿಯೋದಾದ್ರೆ ಈಗ್ಲೇ ಕಡೀರಿ, ಇಲ್ದಿದ್ರೆ ದಾರಿ ಬುಡಿ, ನನ್ನ ಕೆಲಸ ನಾನು ನೋಡ್ತೀನಿ."

ಅಷ್ಟರಲ್ಲಿ ಆಳು ಬೋರಲಿಂಗಯ್ಯ ಇನ್ನಿಬ್ಬರು ಮೂವರನ್ನು ಕಟ್ಟಿಕೊಂಡು ಬಂದ. ಇವನೇ ಮೂರು ಬೇಸಿಗೆ ಏರಿಯ ಕೆಲಸಕ್ಕೆ ಮುಂದಾಳಾಗಿ ನಿಂತವನು. ರಾಮಲಿಂಗಯ್ಯ ಗುದ್ದಲಿಯನ್ನು ಅವನ ಕಡೆ ಚಾಚಿ, ಇಲ್ಲಿಂದ ಇಲ್ಲಿಗೆ ತಗ್ಗಿಸಬೇಕು ಅಂತ ಕಾಲಲ್ಲಿ ಗೆರೆ ಎಳೆದ. ಬೋರಲಿಂಗಯ್ಯ ಗುದ್ದಲಿ ಮುಟ್ಟಲಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಕಲ್ಲು ಹೊರ್ತೀವಿ ಸಾಮಿ. ಲಕ್ಕಿ ಗಿಡ ಕಡ್ಕಂಬಂದು ಮಣ್ಣು ಕೊಚ್ಚದಂಗೆ ಬಾಯಿಗೆ ಹಾಸ್ತೀವಿ. ಏರಿಗೆ ಗುದ್ದಲಿ ಮಾತ್ರ ನಾವು ಹಾಕಲ್ಲ."

"ಯಾಕ್ಲಾ?"

"ನೀವೇ ಕೆತ್ತಿಸಿದೀರಲ್ಲ."

ಕೆತ್ತಿಸಿದ್ದು ನಿಜ. ಏರಿಯ ಮಧ್ಯೆ ನೆಟ್ಟ ಕಲ್ಲಿನಲ್ಲಿ, ಹಳೆಯ ಕೆರೆಗಳ ಶಾಸನದ ಹಾಗೆಯೇ ಇರಲಿ ಅಂತ, ಈ ಏರಿಯನ್ನು ಕಡಿದವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು ಅಂತ ಕೆತ್ತಿಸಿದ್ದ. ಹಳೇ ಶಾಪದ ಕಲ್ಲುಗಳಲ್ಲಿ ಇರುವ ಹಾಗೆ ಹೆಂಗಸಿನ ಮೇಲೇರಿದ ಒಂದು ಕತ್ತೆಯನ್ನೂ ಬಿಡಿಸಲೇ ಅಂತ ಕಲ್ಲುಕುಟಿಗ ಕೇಳಿದ್ದಕ್ಕೆ, ಹೆಂಗಸರು ಓಡಾಡುವ ಜಾಗ, ಬೇಡಪ್ಪ ಅಂದಿದ್ದ. ಇವರಲ್ಲಿ ಯಾರಿಗೂ ಓದು ಬಾರದು. ಬೆಲ್ಲದ ಅನ್ನ ಹಂಚುವ ದಿನ ತಾನೇ ಗಂಟಲು ಸರಿಮಾಡಿಕೊಂಡು, ಒಂದು ಸಲ ಸಾಲದು ಅಂತ ಎರಡು ಸಲ ಓದಿ ಹೇಳಿದ್ದ. ಎಲ್ಲರೂ ಕೈಮುಗಿದಿದ್ದರು. ತಾನು ಹಾಕಿದ ಶಾಪವನ್ನು ಬೇರೆಯವರು ಇಷ್ಟು ಮರ್ಯಾದೆಯಿಂದ ನಡೆಸಿಕೊಡುತ್ತಾರೆ ಅಂತ ಯಾರಿಗೆ ಗೊತ್ತಿತ್ತು! ಬೋರಲಿಂಗಯ್ಯನ ಮುಖದಲ್ಲಿ ಹೆದರಿಕೆಯೂ ಇತ್ತು, ಒಂದು ಬಗೆಯ ಚೆಲ್ಲಾಟವೂ ಇತ್ತು; ಗೌಡನ ಪಾಪ ಗೌಡನೇ ತಿನ್ನಲಿ ಅನ್ನುವ ಸಣ್ಣ ಸಂತೋಷ.

ರಾಮಲಿಂಗಯ್ಯ ಗುದ್ದಲಿ ಊರಿ ನಿಂತ. ಹಸುವಿನ ಪಾಪಕ್ಕೆ ಅವನು ಅಷ್ಟೇನೂ ಹೆದರಲಿಲ್ಲ. ಎಲ್ಲಿಯ ಗಂಗೆ, ಎಲ್ಲಿಯ ಕಪಿಲೆ! ಹೆದರಿದ್ದು ಮನೆಯಲ್ಲಿ ಕೂತಿರುವ ಅಕ್ಕನಿಗೆ. ಕೆರೆ ಇರುವ ತನಕ ಅವಳ ಬಾಯಿಗೆ ಬೀಗ. ಏರಿ ಕಡಿದು ಹೊಳೆಯನ್ನು ಒಳಗೆ ಬಿಟ್ಟುಕೊಂಡ ಮೇಲೆ ಅದು ಕೆರೆಯಲ್ಲ, ಮತ್ತೆ ಮಳೆಗಾಲಕ್ಕೊಮ್ಮೆ ಹೊಳೆ ಬಂದು ಹೋಗುವ ಗುಂಡಿ. ಕಡಿಯದಿದ್ದರೆ? ಮಳೆ ನಿಂತರೂ ನಿಲ್ಲಬಹುದು. ಹೊಳೆ ಇಳಿದರೂ ಇಳಿಯಬಹುದು. ಎಷ್ಟೋ ಸಲ ಹಾಗೆ ಆಗಿಲ್ಲವೇ? ಒಂದು ವೇಳೆ ಕಿತ್ತುಕೊಂಡರೂ ಅದು ಹೊಳೆಯ ಕೆಲಸ, ದೈವದ ಕೆಲಸ, ಇವನ ಕೈಯಲ್ಲಿ ಗುದ್ದಲಿ ಇರುವುದಿಲ್ಲ. ಹಾಜಿರಾಳಿಗೆ ಬೇರೆ ಕಡೆಯಿಂದ ಸೊಪ್ಪು ತರಿಸಿಕೊಡಬಹುದು, ಕೈಲಾಂಚದಲ್ಲಿ ಬೇಕಾದಷ್ಟು ತೋಟಗಳಿವೆ. ಅವನು ಹೀಗೆ ಅವಳ ನೆಲವನ್ನು ಮನಸ್ಸಿನಲ್ಲೇ ಹೊಳೆಗೆ ಕೊಟ್ಟು, ಸೊಪ್ಪಿನ ಹೊರೆಯಿಂದ ಅದನ್ನು ಮುಚ್ಚುತ್ತಿದ್ದಾಗ ಕಣ್ಣು ಅವಳ ಮೇಲೆ ಬಿತ್ತು. ಅವಳು ಗೋಣಿಯ ಬಾಯಿ ಕಟ್ಟುತ್ತಾ ಇವನನ್ನೇ ನೋಡುತ್ತಿದ್ದಳು. ಇವನ ಲೆಕ್ಕವೆಲ್ಲ ಅವಳಿಗೆ ಕೇಳಿಸಿದ ಹಾಗಿತ್ತು. ನಾಚಿಕೆಯಾಯಿತು, ತುಂಬಿದ ಸಂತೆಯಲ್ಲಿ ಪಂಚೆ ಬಿಚ್ಚಿದಷ್ಟು ನಾಚಿಕೆ.

ಆಗಲೇ ಅಂಕಮ್ಮ ಮಳೆಗೆಂದು ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಏರಿಯ ಮೇಲೆ ಬಂದಳು. ಹಿಂದೆ ಕಾವೇರಮ್ಮ, ಅವಳ ಹಿಂದೆ ಚಿಕ್ಕಲಕ್ಷ್ಮಮ್ಮ. ಅಂಕಮ್ಮ ಗುದ್ದಲಿ ನೋಡಿದಳು, ಕಾಲಿನಲ್ಲಿ ಎಳೆದ ಗೆರೆ ನೋಡಿದಳು, ಎಲ್ಲ ತಿಳಿದುಕೊಂಡಳು.

"ಇದೇನ್ಲಾ ರಾಮಲಿಂಗ, ಕೈಯಾರೆ ಕಡಿಯಕ್ಕೆ ನಿಂತಿದೀಯಾ?"

"ಕಡೀದಿದ್ರೆ ಮೇಲ್ಗಡೆ ಕಿತ್ಕತೈತೆ ಅಕ್ಕ. ಹಾಜಿರಾಬಿ ತ್ವಾಟ ಹೋಯ್ತದೆ."

"ಕಂಡೋರ ತ್ವಾಟ ಕಟ್ಕಂಡು ನಿನಗೇನ್ಲಾ? ಅವ್ವ ಸಾಯೋವಾಗ ನಾನು ಯಾಕೆ ಸುಮ್ಕಾದೆ? ಕೆರೆ ಐತಲ್ಲ, ಮನೆತನಕ್ಕೆ ಅದಾದ್ರೂ ಒಂದು ಸಂತಾನ ಅಂತ. ಅದನ್ನೂ ನೀನೇ ಕಡಿದು ಹಾಕು, ಬ್ಯಾಡ ಅನ್ನಕಿಲ್ಲ. ಆದ್ರೆ ಬರೋ ಮಾಘದಾಗೆ ಈ ನನ್ನ ಮಗಳ ಕುತ್ಗೆಗೆ ತಾಳಿ ಕಟ್ಬೇಕು. ಇಷ್ಟು ಜನರ ಮುಂದೆ ಹೇಳ್ತಿವ್ನಿ. ಆಮ್ಯಾಕೆ ಜೋಯಿಸ ಗೀಯಿಸ ಅಂತ ಕಥೆ ಹೇಳಂಗಿಲ್ಲ."

ಕಾವೇರಮ್ಮ ಏರಿಯ ಅಂಚಿನಲ್ಲಿ ಕೂತಿದ್ದ ಕಪ್ಪೆಯನ್ನು ಬಹಳ ಗಮನವಿಟ್ಟು ನೋಡತೊಡಗಿದಳು. ಆಳುಗಳು ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿದರು. ಮೇಲಿನ ತುದಿಯಿಂದ ದಡದಡ ಸದ್ದು ಬಂತು. ಒಳಮೈಯ ಕಲ್ಲಿನ ಒಂದು ಸಾಲು ಜಾರಿ ಗುಂಡಿಯ ನೀರಿಗೆ ಬಿತ್ತು. ನೀರುಕೋಳಿಗಳು ಎದ್ದುಹೋದವು. ಹಾಜಿರಾ, "ಯಾ ಅಲ್ಲಾ!" ಅಂದಳು. ರಾಮಲಿಂಗಯ್ಯನ ಬಾಯಿಂದ ಮಾತು ಅವನ ಅಪ್ಪಣೆಗೆ ಕಾಯದೆ ಹೊರಬಿತ್ತು.

"ಅಕ್ಕ, ಕೇಳು. ಈ ಕೆರೆ ನಾನು ಸಂತಾನಕ್ಕೆ ಕಟ್ಟಿಸ್ಲಿಲ್ಲ. ನಿನ್ನ ಕಾಟ, ಅವ್ವನ ಕಾಟ ತಪ್ಪಿಸ್ಕಳಕ್ಕೆ ಕಟ್ಟಿಸ್ದೆ. ಇನ್ನೊಂದು ಮದುವೆ ನಂಗೆ ಬ್ಯಾಡ, ಯಾವತ್ತೂ ಬ್ಯಾಡವಾಗಿತ್ತು. ಮಕ್ಕಳೂ ಬೇಕಿರ್ಲಿಲ್ಲ. ನಂಗೆ ಇವಳು ಸಾಕು. ಈ ಮಗೀನ ಬೇರೆ ಯಾರಾದ್ರೂ ವಯಸ್ಸಿನವನಿಗೆ ಕೊಟ್ಟು ಪುಣ್ಯ ಕಟ್ಕೋ."

ಗಂಡಸೊಬ್ಬ ಹಾಡುಹಗಲಲ್ಲಿ ಹೆಂಡತಿಯ ಬಗ್ಗೆ ಇಂಥ ಮಾತು ಆಡಿದ್ದನ್ನು ಬೋರಲಿಂಗಯ್ಯ ಜನ್ಮದಲ್ಲಿ ಕೇಳಿರಲಿಲ್ಲವೆಂದು ಕಾಣುತ್ತದೆ, ಸುಮ್ಮಸುಮ್ಮನೆ ಕೆಮ್ಮಿದ. ಕಾವೇರಮ್ಮನಿಗೆ ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡಳು. ರಾಮಲಿಂಗಯ್ಯ ಯಾರ ಮುಖವನ್ನೂ ನೋಡಲಿಲ್ಲ, ಮುಖ್ಯವಾಗಿ ಹೆಂಡತಿಯ ಮುಖವನ್ನು. ಗುದ್ದಲಿ ಎತ್ತಿ ಗೆರೆಯ ಮೇಲೆ ಹೊಡೆದ. ಆಮೇಲೆ ಏಟು ಏಟಿಗೂ ಮೈ ಹಗುರವಾಗುತ್ತಾ ಬಂತು. ಇಷ್ಟು ವರ್ಷ ಎದೆಯ ಮೇಲೆ ಹೊತ್ತಿದ್ದನ್ನು ಇಳಿಸುತ್ತಿದ್ದೇನೆ ಅನ್ನಿಸಿತು. ಬೇಕೆಂದೇ ಜೋರಾಗಿ ಹ್ಞಾ ಹ್ಞಾ ಅಂತ ಸದ್ದು ಮಾಡಿದ. ಮಣ್ಣು ತಗ್ಗಾದಂತೆ ಆಳುಗಳು ಲಕ್ಕಿಯ ಹೊರೆ ಹಾಸಿದರು, ಮೇಲೆ ಕಲ್ಲು ಹೇರಿದರು. ಹೊಳೆ ಮೊದಲು ನಾಲಿಗೆ ಚಾಚಿ ರುಚಿ ನೋಡಿ, ಆಮೇಲೆ ಕಾಲು ಮುಳುಗುವಷ್ಟು, ಮೊಳಕಾಲು ಮುಳುಗುವಷ್ಟು, ಕೆಂಪಗೆ, ಅವಸರವಿಲ್ಲದೆ, ಕಲ್ಲಿನ ಮೇಲೆ ಹರಿದು ಗುಂಡಿಗಿಳಿಯಿತು. ಹಾಜಿರಾಳ ಅಂಚಿನ ಸಾಲುಗಳು ಕುತ್ತಿಗೆ ತನಕ ಮುಳುಗಿದವು. ಹಿಂದಿನ ಸಾಲುಗಳು ಹಾಗೇ ನಿಂತವು.

ಸಂಜೆಯ ಹೊತ್ತಿಗೆ ಗುಂಡಿ ಹೊಳೆಯ ಮಟ್ಟಕ್ಕೆ ಬಂತು. ಹೊಳೆ ಇನ್ನೂ ಉಕ್ಕಿ, ಮೇಲಿನ ತುದಿಯಲ್ಲಿ ಏರಿಯ ತಲೆ ಸವರಿಕೊಂಡು ಒಳಗೆ ಸರಿಯಿತು. ಬೀಳುವುದಕ್ಕೆ ಎತ್ತರವೇ ಉಳಿದಿರಲಿಲ್ಲ. ಒಂದು ಕಲ್ಲೂ ಮತ್ತೆ ಜಾರಲಿಲ್ಲ. ಓವರ್ಸಿಯರ್ ಇದ್ದಿದ್ದರೆ ಅವರ ಕಾಲಿಗೆ ಬೀಳುವುದೋ ಕಣ್ಣು ತಪ್ಪಿಸುವುದೋ ಅನ್ನುವುದನ್ನು ರಾಮಲಿಂಗಯ್ಯ ಸ್ವಲ್ಪ ಹೊತ್ತು ಯೋಚಿಸಿದ. ಹಾಜಿರಾ ಕೊನೆಯ ಗೋಣಿಯನ್ನು ತಲೆಗೇರಿಸಿಕೊಂಡು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಗೌಡ್ರೇ. ಹುಳ ಕಾಯ್ತಿರ್ತವೆ, ಬತ್ತೀನಿ," ಅಂತ ಹೊರಟುಹೋದಳು. ಅಂಕಮ್ಮ ಆಗಲೇ ಮಗಳನ್ನು ಕರೆದುಕೊಂಡು ಗಾಡಿ ಹೂಡಿಸಲು ಮನೆಗೆ ಹೋಗಿದ್ದಳು. ಈ ಮನೆಯ ನೀರು ಇನ್ನು ಮುಟ್ಟುವುದಿಲ್ಲ ಅಂದಿದ್ದಳು. ಆಳುಗಳೂ ಕದಲಿದರು. ಏರಿಯ ಮೇಲೆ ಅವನೂ ಚಿಕ್ಕಲಕ್ಷ್ಮಮ್ಮನೂ ಉಳಿದರು.

ಅವನು ಗುದ್ದಲಿಯ ಕೆಸರನ್ನು ಹುಲ್ಲಿಗೆ ಒರೆಸಿದ. ಮತ್ತೊಮ್ಮೆ ಒರೆಸಿದ. ಅವಳು ಏನಾದರೂ ತಮಾಷೆ ಮಾಡಲಿ ಅಂತ ಕಾದ. ನಾಚಿಕೊಂಡರೂ ನಡೆಯುತ್ತಿತ್ತು, ಅಳು ಬಂದರೂ ಬರಲಿ, ಸಮಾಧಾನ ಮಾಡುವುದಕ್ಕೆ ತಾನಿಲ್ಲವೇ? ಎಂಥ ಗಂಡ ಸಿಕ್ಕಿದ ಅಂತ ಊರಿನ ಹೆಂಗಸರೆಲ್ಲ ನಾಳೆ ಬಾವಿಯ ಹತ್ತಿರ ಅವಳ ಮುಖ ನೋಡುತ್ತಾರೆ. ಅವಳು ಬೆನ್ನು ತಿರುಗಿಸಿ ಗುಂಡಿಯ ಕಡೆ ನೋಡುತ್ತಿದ್ದಳು. ಹಸಿರು ನೀರು ಎಲ್ಲೂ ಕಾಣುತ್ತಿರಲಿಲ್ಲ. ಹೊಳೆಯೂ ಗುಂಡಿಯೂ ಒಂದೇ ಕೆಂಪಾಗಿ, ಯಾವುದು ಎಲ್ಲಿ ಮುಗಿಯಿತು ಅಂತ ಹೇಳುವ ಹಾಗಿರಲಿಲ್ಲ.

"ಏನೂ ಅನ್ನಲ್ವಾ?" ಅಂದ.

"ಏನನ್ಲಿ."

"ಇಷ್ಟು ವರ್ಷ ಬಾಯಿಬುಟ್ಟು ಹೇಳಿರ್ಲಿಲ್ಲ. ಇವತ್ತು ಎಲ್ಲಾರ ಮುಂದೆ ಹೇಳ್ಬುಟ್ಟೆ. ನಂಗೆ ಮಕ್ಕಳು ಬೇಕಿರ್ಲಿಲ್ಲ ಕಣೇ."

"ಕೇಳುಸ್ತು," ಅಂದಳು. ನೀರಿನ ಮೇಲಿಂದ ಕಣ್ಣು ತೆಗೆಯದೆ, "ನಂಗೆ ಬೇಕಿತ್ತು," ಅಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಅತ್ತಿದ್ದರೆ ಅವನು ಏನಾದರೂ ಅನ್ನುತ್ತಿದ್ದ. ಅವಳ ಪಕ್ಕಕ್ಕೆ ಹೋಗಿ ನಿಲ್ಲಬಹುದೋ ಬಾರದೋ ತಿಳಿಯದೆ ಅವನು ನಿಂತಲ್ಲೇ ನಿಂತ.